ಕಿವಿಯ ಹಿಂದಿನ ನೀಲಿ

ಪುಟ್ಟ ಹುಡುಗಿ ಮೀನು ಈಜಿನ ಸ್ಪರ್ಧೆಗೆ ಆಯ್ಕೆಯಾದ ಸುದ್ದಿ ಮನೆಗೆ ಬಂದದ್ದು ಮೀನುವಿನ ಬಾಯಿಂದಲೇ. ಬೀದಿಯ ಆ ತುದಿಯಿಂದಲೇ ಕೂಗಿಕೊಂಡು ಬಂದಳು. ಒದ್ದೆ ಕೂದಲು, ಒಂದು ಕಾಲಿಗೆ ಮಾತ್ರ ಚಪ್ಪಲಿ, ಹೆಗಲಿಂದ ಜಾರುತ್ತಿದ್ದ ಟವೆಲ್ಲು.

"ಅತ್ತೇ! ನಾನು ಸೆಲೆಕ್ಟು! ಇಡೀ ಊರಿನ ಸ್ಕೂಲುಗಳ ಫೈನಲ್ಲು, ಅದ್ರಲ್ಲಿ ನಾನು!"

ಮೀನುವಿನ ಸೋದರತ್ತೆ, ಮನೆಯ ಬೀದಿ ಕಡೆಯ ಕೋಣೆಯಲ್ಲಿ ಹೆಂಗಸರು ಮಕ್ಕಳಿಗೆ ಕೂದಲು ಕತ್ತರಿಸುವ ಅಂಗಡಿ ಇಟ್ಟುಕೊಂಡಿದ್ದಳು. ಕುರ್ಚಿಯ ಮೇಲಿದ್ದ ಗಿರಾಕಿಯ ತಲೆ ಅರ್ಧ ಮುಗಿದಿತ್ತು, ಅರ್ಧ ಬಾಕಿ ಇತ್ತು. ಅದನ್ನು ಹಾಗೇ ಬಿಟ್ಟು ಹೊರಗೋಡಿ ಹುಡುಗಿಯನ್ನು ಎತ್ತಿಕೊಂಡು ಗಿರ್ರನೆ ಸುತ್ತಿದಳು. ಇಬ್ಬರೂ ಒದ್ದೆಯಾದರು. ಗಿರಾಕಿಯೂ ಅರ್ಧ ತಲೆಯಲ್ಲೇ ಎದ್ದು ಬಂದು ಚಪ್ಪಾಳೆ ತಟ್ಟಿದಳು.

ಸಂಜೆಗೆ ಮನೆ ತಲೆಕೆಳಗಾಯಿತು. ಅತ್ತೆಯ ಅಣ್ಣ, ಅಂದರೆ ಮೀನುವಿನ ಅಪ್ಪ, ಲಿಫ್ಟ್ ರಿಪೇರಿ ಕೆಲಸದವನು. ಗ್ರೀಸು ಮೆತ್ತಿದ ಕೈಯಲ್ಲೇ ಮಗಳ ಕೆನ್ನೆ ಹಿಂಡಿ ಕಪ್ಪು ಮಾಡಿದ. ಬಿಸ್ಕತ್ತು ಕಾರ್ಖಾನೆಯಿಂದ ಬಂದ ಅತ್ತಿಗೆ, ಮೀನುವಿನ ಅಮ್ಮ, ಅಲ್ಲಿ ಅಗ್ಗಕ್ಕೆ ಕೊಡುವ ಮುರುಕು ಬಿಸ್ಕತ್ತಿನ ಚೀಲವನ್ನು ತಟ್ಟೆಗೆ ಸುರಿದು, "ಇವತ್ತು ಯಾರೂ ಲೆಕ್ಕ ಹಾಕ್ಬೇಡಿ, ತಿನ್ನಿ!" ಎಂದಳು.

ಆಗ ಮಹಡಿಯಿಂದ ಸೀಟಿಯ ಸದ್ದು ಕೇಳಿತು. ಅಣ್ಣ ತಟ್ಟನೆ ಟಿ.ವಿ. ಆರಿಸಿದ.

ಅಣ್ಣ ತಂಗಿಯರ ಅಪ್ಪ, ಮೀನುವಿನ ತಾತ, ಇಳಿದು ಬಂದರು. ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಮನೆಯಲ್ಲೂ ಬೀದಿಯಲ್ಲೂ ಮೇಷ್ಟ್ರೆಂದೇ ಹೆಸರು. ಕೊರಳಲ್ಲಿ ದಪ್ಪ ಹುರಿಗೆ ಕಟ್ಟಿದ ಸೀಟಿ.

"ಕುಣಿದದ್ದು ಸಾಕು. ಫೈನಲ್ ಅಂದ್ರೆ ಹುಡುಗಾಟ ಅಲ್ಲ. ಪೂಲಿನ ಕೋಚಮ್ಮ ಏನಾದ್ರೂ ಹೇಳ್ಕೊಡ್ಲಿ, ಮನೇಲಿ ತರಬೇತಿ ನಂದು. ನಾಳೆ ಬೆಳಿಗ್ಗೆಯಿಂದ ಮಹಡಿ ಮೇಲೆ ಕಸರತ್ತು. ಏನಂತೀರಿ?"

ಅನ್ನುವುದಾದರೂ ಏನು? ಅಣ್ಣ ಅತ್ತಿಗೆ ಬೆಳಿಗ್ಗೆ ಹೋದರೆ ಸಂಜೆ ಬರುವವರು. ಮಗುವಿಗೆ ಹಾಲು ಕಾಸಿ ಕೊಟ್ಟು, ಶಾಲೆಗೆ ಬಿಟ್ಟು, ಕರೆತಂದು, ಪೂಲಿಗೆ ಒಯ್ಯುತ್ತಿದ್ದವರು ಮೇಷ್ಟ್ರೇ. ಅವರಿಲ್ಲದಿದ್ದರೆ ಆ ಮನೆಯ ದಿನ ಉರುಳುತ್ತಲೇ ಇರಲಿಲ್ಲ.

ಮುಂದಿನ ವಾರಗಳಲ್ಲಿ ಬೀದಿಗೆ ಬೀದಿಯೇ ಮೀನುವಿನ ಹಿಂದೆ ನಿಂತಿತು. ಮೂಲೆಯ ಬೇಕರಿಯವನು ಅವಳನ್ನು ಕಂಡಾಗೆಲ್ಲ, "ಚಾಂಪಿಯನ್ನು ಬಂತು, ದಾರಿ ಬಿಡ್ರೀ!" ಎನ್ನುತ್ತಿದ್ದ. ಅಣ್ಣನಂತೂ ಯಾವ ಕಟ್ಟಡದಲ್ಲಿ ಲಿಫ್ಟು ಕೆಟ್ಟರೂ, ಒಳಗೆ ಸಿಕ್ಕಿಕೊಂಡವರಿಗೆ ಬಾಗಿಲು ತೆಗೆಯುವ ಮೊದಲೇ ಸಂದಿಯಿಂದ ಮಗಳ ಸುದ್ದಿ ಹೇಳುತ್ತಿದ್ದನಂತೆ. ಅತ್ತೆ ಅಂಗಡಿಯ ಕನ್ನಡಿಯ ಮೇಲೆ ಬಣ್ಣದ ಕಾಗದದಲ್ಲಿ ಒಂದು ಮೀನು ಕತ್ತರಿಸಿ ಅಂಟಿಸಿದಳು.

ಈ ಗದ್ದಲದಲ್ಲಿ ಕೆಲವು ಸಂಗತಿಗಳು ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಸುಡುವ ಬಿಸಿಲಲ್ಲೂ ಮೀನು ಉದ್ದ ತೋಳಿನ ಅಂಗಿಯನ್ನೇ ಕೇಳತೊಡಗಿದಳು. ಊಟದ ಮೇಜಿನಲ್ಲಿ ಇನ್ನೊಂದು ತುಂಡು ಬ್ರೆಡ್ಡಿಗೆ ಕೈ ಚಾಚುವ ಮೊದಲು ತಾತನ ಕೈಯನ್ನೊಮ್ಮೆ ನೋಡುತ್ತಿದ್ದಳು, ಅವರ ಮುಖವನ್ನಲ್ಲ. ಎಂದೋ ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಯಿತು. ಅತ್ತಿಗೆ ಬೆಳಿಗ್ಗೆ ಬೆಡ್‌ಶೀಟು ಹಿಂಡುತ್ತಾ, "ರೇಸಿನ ಭಯ ಅದಕ್ಕೆ. ಮುಗಿದ್ರೆ ಸರಿಹೋಗುತ್ತೆ," ಎನ್ನುತ್ತಿದ್ದಳು. ಅತ್ತೆಯೂ ಹೌದೆಂದು ತಲೆಯಾಡಿಸಿದ್ದಳು.

ಒಂದು ಭಾನುವಾರ ಮೇಷ್ಟ್ರು ಪತ್ರಿಕೆ ತರಲು ಹೋಗಿದ್ದಾಗ ಅತ್ತೆ ಮೀನುವನ್ನು ಅಂಗಡಿಯ ಕುರ್ಚಿಯಲ್ಲಿ ಹಲಗೆಯ ಮೇಲೆ ಕೂರಿಸಿದಳು.

"ಎಷ್ಟು ಗಿಡ್ಡ ಮಾಡ್ಲಿ, ಚಾಂಪಿಯನ್ನು?"

"ಟೋಪಿ ಒಳಗೆ ಪೂರ್ತಿ ಹೋಗೋ ಹಾಗೆ. ಆದ್ರೆ ಕಿವಿ ಮುಚ್ಚಬೇಕು."

"ಕಿವಿ ಮುಚ್ಚಿದ್ರೆ ಟೋಪಿ ಒಳಗೆ ಹೇಗೆ ಹೋಗುತ್ತೆ, ಪೆದ್ದಿ?" ಎಂದು ನಗುತ್ತಾ ಅತ್ತೆ ನೀರು ಚಿಮುಕಿಸಿ, ಬಾಚಿ, ಬಲಗಿವಿಯ ಮೇಲಿನ ಕೂದಲನ್ನು ಎತ್ತಿ ಹಿಡಿದಳು.

ಕಿವಿಯ ಹಿಂದೆ ನೀಲಿಗಟ್ಟಿತ್ತು. ಅಂಚಿನಲ್ಲಿ ಉಗುರು ಊರಿದ ಎರಡು ಗೀರು. ಎಡಗಿವಿಯ ಹಿಂದೆ ಅದೇ ಕಲೆ ಹಳತಾಗಿ ಹಳದಿಗೆ ತಿರುಗಿತ್ತು. ಅತ್ತೆ ಕತ್ತರಿ ಕೆಳಗಿಟ್ಟು, ಕುರ್ಚಿಯ ಮುಂದೆ ಮೊಣಕಾಲೂರಿ ಕೂತಳು.

"ಮೀನು, ಇಲ್ಲಿ ನೋವಿದ್ಯಾ?"

"ಇಲ್ಲ. ಪೂಲಿನ ಮೆಟ್ಟಿಲ ಮೇಲೆ ಬಿದ್ದೆ."

"ಸರಿ. ಬೇರೆ ಎಲ್ಲಾದ್ರೂ ನೋವಿದ್ಯಾ?"

ಹುಡುಗಿ ಬಾಗಿಲ ಕಡೆ ನೋಡಿದಳು. ಆಮೇಲೆ ಅಂಗಿಯ ತೋಳು ಮೇಲೆಳೆದು ತೋರಿಸಿದಳು. ತೋಳಿನ ಒಳಭಾಗದಲ್ಲಿ ನಾಲ್ಕು ಬೆರಳು ಒತ್ತಿದ ಗುರುತು. ಇಳಿದು ತಿರುಗಿ ನಿಂತು ಚಡ್ಡಿಯ ಅಂಚು ಎತ್ತಿದಳು. ತೊಡೆಯ ಹಿಂದೆ ಹುರಿಯನ್ನು ಮಡಚಿ ಬೀಸಿದಾಗ ಏಳುವಂಥ ಉದ್ದನೆಯ ಬಾಸುಂಡೆ.

"ಬೀಳೋದಕ್ಕೂ ಇದಕ್ಕೂ ಹೊಂದಲ್ವಲ್ಲ, ಪುಟ್ಟಿ. ಏನಾಯ್ತು ಅಂತ ಹೇಳ್ತೀಯಾ? ಹೇಳಿದ್ರೆ ನಿನ್ನ ಮೇಲೆ ಯಾರೂ ಕೋಪ ಮಾಡ್ಕೊಳ್ಳಲ್ಲ."

"ಈಜೋ ಟೈಮು ಜಾಸ್ತಿ ಆದಾಗ," ಎಂದಳು ಮೀನು, ಕನ್ನಡಿಯ ಮೇಲಿನ ಕಾಗದದ ಮೀನನ್ನೇ ನೋಡುತ್ತಾ. "ತಾತ ಹೇಳ್ತಾರೆ, ನೋವಾದ್ರೆ ಕಾಲು ಜೋರಾಗಿ ಬಡಿಯುತ್ತಂತೆ. ಅತ್ತೆ, ಯಾರಿಗೂ ಹೇಳ್ಬೇಡ. ಪ್ರಾಮಿಸ್ ಮಾಡು. ಹೇಳಿದ್ರೆ ನನ್ನ ರೇಸಿಗೇ ಕಳಿಸಲ್ಲ."

ಅತ್ತೆ ಅವಳ ಅಂಗಿಯ ತೋಳನ್ನು ಮೆಲ್ಲಗೆ ಕೆಳಗೆಳೆದಳು.

"ಯಾರಿಗೂ ಹೇಳಲ್ಲ ಅಂತ ಮಾತು ಕೊಡಕ್ಕಾಗಲ್ಲ, ಮೀನು. ಕೊಟ್ರೆ ಸುಳ್ಳಾಗುತ್ತೆ. ಆದ್ರೆ ಏನು ಮಾಡಿದ್ರೂ ಮೊದಲು ನಿಂಗೆ ಹೇಳ್ತೀನಿ. ಇವತ್ತು ನಿಮ್ಮಪ್ಪ ಅಮ್ಮನ ಹತ್ರ ಮಾತಾಡ್ತೀನಿ. ತಪ್ಪು ನಿಂದಲ್ಲ. ತಿಳೀತಾ?"

ಹುಡುಗಿ ಮತ್ತೆ ಹಲಗೆ ಹತ್ತಿ ಕೂತು, "ಗಿಡ್ಡಾನೇ ಮಾಡ್ಬಿಡು," ಎಂದಳು.

ಸಂಜೆ ಮೇಷ್ಟ್ರು ವಾಕಿಂಗಿಗೆ ಹೋಗುವುದನ್ನೇ ಕಾದು, ಮೀನುವನ್ನು ಪಕ್ಕದ ಮನೆಯ ಗೆಳತಿಯ ಜೊತೆ ಆಡಲು ಕಳಿಸಿ, ಅತ್ತೆ ಅಡುಗೆಮನೆಗೆ ಬಂದಳು. ಅತ್ತಿಗೆ ಆಲೂಗಡ್ಡೆ ಸುಲಿಯುತ್ತಿದ್ದಳು. ಅಣ್ಣ ಬಟಾಣಿ ಬಿಡಿಸುವ ನೆಪದಲ್ಲಿ ಅರ್ಧ ಬಾಯಿಗೆ ಹಾಕುತ್ತಿದ್ದ. ಅತ್ತೆ ಕಂಡದ್ದನ್ನು ಕಂಡಂತೆ ಹೇಳಿದಳು.

ಅಣ್ಣ ನಕ್ಕ. "ಅಷ್ಟೇನಾ? ನಾನೇನೋ ಅಂದ್ಕೊಂಡೆ. ಅಪ್ಪ ನಂಗೂ ಹೊಡೀತಿದ್ರಲ್ವಾ? ನಾನೇನು ಹಾಳಾದ್ನಾ?"

"ನಿಂಗೆ ಹೊಡೀವಾಗ ನಾನು ಮಂಚದ ಕೆಳಗೆ ಇರ್ತಿದ್ದೆ, ಅಣ್ಣ. ಅಲ್ಲಿಂದ ನಿನ್ನ ಕಾಲು ಕಾಣ್ತಿತ್ತು. ನಾನು ಮರೆತಿಲ್ಲ, ನೀನು ಮರೆತ್ಯಾ?"

"ಶಿಸ್ತು ಕಲಿಸಿದ್ರು. ಅದಕ್ಕೇ ಇವತ್ತು ಕೆಲಸ ಮಾಡ್ಕೊಂಡು ತಿಂತಿದೀನಿ."

"ಕಿವಿ ಹಿಂಡಿಸ್ಕೊಂಡಿದ್ದಕ್ಕಲ್ಲ, ಕಷ್ಟಪಟ್ಟು ಕಲಿತು ಕೆಲಸ ಮಾಡ್ತಿದೀಯ!"

ಅಷ್ಟರಲ್ಲಿ ಅತ್ತಿಗೆ ಚಾಕುವನ್ನು ಪಾತ್ರೆಗೆ ಎಸೆದಳು. "ಸ್ನಾನ ಮಾಡಿಸ್ವಾಗ ನಾನೂ ನೋಡಿದೀನಿ," ಎಂದಳು. "ಬಿದ್ದೆ ಅಂದ್ಳು, ನಂಬಿದೆ. ನಂಬಿದೆ ಅಂದ್ರೆ... ನಂಬೋಣ ಅಂದ್ಕೊಂಡೆ. ಮಾವ ಇಲ್ದಿದ್ರೆ ಮಗು ನೋಡ್ಕೊಳ್ಳೋರು ಯಾರು, ನಾನು ಕೆಲಸ ಬಿಡ್ಬೇಕಾ, ಅದೇ ತಲೇಲಿ ಓಡ್ತಿತ್ತು."

"ನೀನೂ ಶುರು ಮಾಡ್ಬೇಡ ಈಗ," ಎಂದ ಅಣ್ಣ.

"ಮಾಡ್ತೀನಿ ರೀ! ನಿಮಗೇನೂ ಆಗಿಲ್ವಾ? ನಿಮ್ಮಪ್ಪ ಮೆಟ್ಟಿಲಿಳಿಯೋ ಸದ್ದು ಕೇಳಿದ್ರೆ ಇವತ್ತಿಗೂ ಟಿ.ವಿ. ಆರಿಸಿ ಎದ್ದು ನಿಲ್ತೀರಿ. ನಲವತ್ತು ದಾಟಿದ ಗಂಡಸು! ಅದನ್ನ ಗೌರವ ಅಂತೀರಾ?"

ಅಣ್ಣನ ಬೆರಳುಗಳ ನಡುವೆ ಬಟಾಣಿಯ ಸಿಪ್ಪೆ ನಿಂತಿತು. ಅದನ್ನೇ ನೋಡುತ್ತಾ, "ಅಮ್ಮ ಮೊದಮೊದಲು ಅಡ್ಡ ಬರ್ತಿದ್ಳು," ಎಂದ. "ಆಮೇಲೆ ಬರೋದು ಬಿಟ್ಳು."

ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ, ಮುಖ ಕೆಂಪಗಾಗಿತ್ತು.

"ನನ್ನ ಬಗ್ಗೆ ಅಡುಗೆಮನೇಲಿ ಪಂಚಾಯ್ತಿನಾ? ಕೇಳೋದಿದ್ರೆ ಎದುರಿಗೆ ಕೇಳಿ. ಹೂಂ, ಹೊಡೆದೆ. ಮುದ್ದು ಮಾಡಿ ಯಾವ ಮಗು ಗೆದ್ದಿದೆ? ಆ ರೇಸು ಗೆದ್ದು ಬಂದ ದಿನ ನೀವೇ ನನ್ನ ಕಾಲು ಹಿಡೀತೀರಿ."

"ಗೆಲ್ಲದಿದ್ರೆ?" ಎಂದಳು ಅತ್ತೆ. "ಸೋತು ಬಂದ್ರೆ ಅವಳನ್ನ ಏನು ಮಾಡ್ತೀರಿ, ಅಪ್ಪ?"

ಮೇಷ್ಟ್ರು ತಿರುಗಿ ಮಹಡಿ ಹತ್ತಿದರು. ಆ ದಿನ ಆಲೂಗಡ್ಡೆ ಒಲೆಯ ಮೇಲೆ ಸೀದುಹೋಯಿತು. ಎಲ್ಲರೂ ಬ್ರೆಡ್ಡು ಹಾಲಿನಲ್ಲಿ ಊಟ ಮುಗಿಸಿದರು.

ಮರುದಿನ ಬೆಳಿಗ್ಗೆ ಸೀಟಿ ಕೂಗಿತು. "ಮೀನು! ನಡಿ!"

ಮೀನು ಹಾಸಿಗೆಯಿಂದ ಎದ್ದು ಓಡುವಷ್ಟರಲ್ಲಿ ಮಹಡಿಯ ಮೆಟ್ಟಿಲ ಬಾಗಿಲಲ್ಲಿ ಅಣ್ಣ ನಿಂತಿದ್ದ. ಕೆಲಸಕ್ಕೆ ಹೋಗುವ ಬಟ್ಟೆ ಹಾಕಿದ್ದ, ಎರಡೂ ಕೈ ಚೌಕಟ್ಟಿನ ಎರಡು ಬದಿಗೆ. ಅತ್ತೆ ಕಾಫಿ ಲೋಟ ಹಿಡಿದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದವಳು ಕಾಫಿ ಕುಡಿಯುವುದನ್ನೇ ಮರೆತಳು.

"ದಾರಿ ಬಿಡು," ಎಂದರು ಮಹಡಿಯಿಂದ ಇಳಿದು ಬಂದ ಮೇಷ್ಟ್ರು.

"ಇಲ್ಲ, ಅಪ್ಪ."

ಆ ಮನೆಯಲ್ಲಿ ಆ ಎರಡು ಮಾತನ್ನು ಒಟ್ಟಿಗೆ ಯಾರೂ ಕೇಳಿರಲಿಲ್ಲ.

"ಏನಂದೆ?"

"ಇಲ್ಲ ಅಂದೆ. ಅವಳು ಇನ್ನು ಮೇಲೆ ಮಹಡಿಗೆ ಬರಲ್ಲ. ನೀವು ಅವಳನ್ನ ಮುಟ್ಟಕೂಡದು."

ಮೇಷ್ಟ್ರ ಕೈ ಎದ್ದಿತು. ಅಣ್ಣನ ತಲೆ ತಾನಾಗಿಯೇ ತಗ್ಗಿತು, ಹೆಗಲು ಕಿವಿಯವರೆಗೆ ಏರಿತು. ಕಾಲು ಮಾತ್ರ ಕದಲಲಿಲ್ಲ. ಕೈ ಗಾಳಿಯಲ್ಲಿ ನಿಂತೇ ಇತ್ತು. ತಗ್ಗಿಸಿದ ತಲೆಯಲ್ಲೇ ಅಣ್ಣ ಹೇಳಿದ, "ಹೊಡೀರಿ. ನಾನಿಲ್ಲೇ ನಿಂತಿರ್ತೀನಿ."

ಮೇಷ್ಟ್ರು ಕೈ ಇಳಿಸಿದರು. ಮೀನು ಅತ್ತೆಯ ಸೊಂಟ ಹಿಡಿದು, "ಅಪ್ಪ 'ಇಲ್ಲ' ಅಂದ್ರು!" ಎಂದು ಪಿಸುಗುಟ್ಟಿದಳು. ದೊಡ್ಡ ಪವಾಡವನ್ನೇ ಕಂಡವಳ ದನಿ ಅದು.

ಅತ್ತಿಗೆ ಅಂದು ಕಾರ್ಖಾನೆಗೆ ರಜೆ ಹಾಕಿದಳು. ನಾದಿನಿಯನ್ನು ಜೊತೆಗೆ ಕರೆದುಕೊಂಡು ಮಗುವನ್ನು ಕ್ಲಿನಿಕ್ಕಿಗೆ ಒಯ್ದಳು. ಡಾಕ್ಟರಮ್ಮ ಅವಸರ ಮಾಡಲಿಲ್ಲ. ಮೊದಲು ಮೀನುವಿನ ಜೊತೆ ಈಜಿನ ಮಾತಾಡಿ, ಆಮೇಲೆ ಒಂದೊಂದೇ ಕಲೆ ನೋಡಿದರು. ಮಗುವನ್ನು ನರ್ಸ್ ಜೊತೆ ತೂಕ ನೋಡಲು ಕಳಿಸಿ ಬಾಗಿಲು ಹಾಕಿದರು.

"ಓಡಾಡೋ ಮಕ್ಕಳಿಗೆ ಮೊಣಕಾಲು, ಮುಂಗಾಲು, ಹಣೆ, ಇಲ್ಲೆಲ್ಲ ಪೆಟ್ಟು ಸಹಜ. ಕಿವಿ, ಕತ್ತು, ತೋಳಿನ ಒಳಭಾಗ, ತೊಡೆಯ ಹಿಂದೆ, ಇವು ಬಿದ್ದು ಏಟಾಗೋ ಜಾಗ ಅಲ್ಲ. ಕೆಲವು ಹೊಸವು, ಕೆಲವು ಹಳೇವು. ಅಂದ್ರೆ ಒಂದು ಸಲ ಆಗಿದ್ದಲ್ಲ. ಇದನ್ನ ನಾನು ಮಕ್ಕಳ ರಕ್ಷಣಾ ಕಚೇರಿಗೆ ತಿಳಿಸಲೇಬೇಕು."

"ಮಗೂನ ಕರ್ಕೊಂಡು ಹೋಗ್ಬಿಡ್ತಾರಾ?" ಅತ್ತಿಗೆ ಕುರ್ಚಿಯಿಂದ ಎದ್ದಳು.

"ನೀವೇ ಕರ್ಕೊಂಡು ಬಂದಿದೀರಲ್ಲ. ಅದು ದೊಡ್ಡ ವಿಷಯ. ಅವರು ಮೊದಲು ನೋಡೋದು, ಮನೇಲಿ ಅವಳ ಪರ ನಿಲ್ಲೋರು ಇದಾರಾ ಅಂತ."

ಕಚೇರಿಯಿಂದ ಬಂದವಳು ಸ್ಕೂಟರಿನ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡ ನಗುಮುಖದ ಹೆಂಗಸು. ಅತ್ತೆಯ ಅಂಗಡಿಯಲ್ಲಿ ಬಾಗಿಲು ಮುಚ್ಚಿಕೊಂಡು ಮೀನುವಿನ ಜೊತೆ ಒಬ್ಬಳೇ ಮಾತಾಡಿದಳು. ಹೊರಗೆ ಅಣ್ಣ ಒಂದೇ ಸಮನೆ ಅಡ್ಡಾಡುತ್ತಿದ್ದ. ಒಳಗಿನಿಂದ ಮೀನುವಿನ ಕಿಲಕಿಲ ಕೇಳಿ ಅತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಆ ಅಧಿಕಾರಿ ಎಲ್ಲರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದಳು: ಸದ್ಯಕ್ಕೆ ತಾತ ಬೇರೆ ಕಡೆ ಇರಬೇಕು. ಬಂದಾಗಲೂ ಮಗುವಿನ ಜೊತೆ ಒಬ್ಬರೇ ಇರುವಂತಿಲ್ಲ. ಹೊಡೆಯದೆ ಮಕ್ಕಳನ್ನು ತಿದ್ದುವುದು ಹೇಗೆಂದು ಕಚೇರಿಯಲ್ಲಿ ನಡೆಸುವ ತರಗತಿಗೆ ಅವರು ಬರಬೇಕು. ಇನ್ನೊಂದು ಸಲ ಕೈ ಎತ್ತಿದರೆ ಮಾತು ಪೊಲೀಸರ ಹತ್ತಿರ.

"ಈ ವಯಸ್ಸಲ್ಲಿ ನಾನು ಕ್ಲಾಸಿಗೆ ಹೋಗಿ ಬೆಂಚಲ್ಲಿ ಕೂರ್ಬೇಕಾ?" ಎಂದು ಮೇಷ್ಟ್ರು ಗುಡುಗಿದರು. "ಸಾವಿರಾರು ಮಕ್ಕಳನ್ನ ತಿದ್ದಿದೋನು ನಾನು!"

"ಹಾಗಾದ್ರೆ ಬೇಗ ಕಲೀತೀರಿ, ಸಾರ್," ಎಂದಳು ಅಧಿಕಾರಿ, ನಗು ಕಳೆದುಕೊಳ್ಳದೆ.

ಮೇಷ್ಟ್ರು ಊರಿನ ಇನ್ನೊಂದು ಮೂಲೆಯಲ್ಲಿದ್ದ ತಮ್ಮನ ಮನೆಗೆ ಹೊರಟರು. ಆಟೋ ಹತ್ತುವಾಗ ಮಗಳ ಕಡೆ ತಿರುಗಿ, "ಮನೆ ಮರ್ಯಾದೆ ಬೀದಿಗೆ ತಂದೆ," ಎಂದರು.

"ಮೀನೂನ ಒಳಗೆ ಇಟ್ಕೊಂಡೆ, ಅಪ್ಪ," ಎಂದಳು ಅತ್ತೆ. ಆಟೋ ತಿರುವು ದಾಟಿದ ಮೇಲೆ ಅಂಗಡಿಗೆ ಹೋಗಿ ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಅತ್ತಳು.

ಆಮೇಲಿನ ದಿನಗಳು! ಮನೆಯವರೆಲ್ಲ ಕಾಲಿಗೆ ಚಕ್ರ ಕಟ್ಟಿಕೊಂಡರು. ಅತ್ತಿಗೆ ಮೇಲ್ವಿಚಾರಕನ ಜೊತೆ ಜಗಳವಾಡಿ ಪಾಳಿ ಬದಲಿಸಿಕೊಂಡಳು. ಅತ್ತೆ ಅಂಗಡಿಯ ಬಾಗಿಲು ತಡವಾಗಿ ತೆಗೆದು ಮೀನುವನ್ನು ಶಾಲೆಗೆ ಬಿಟ್ಟುಬಂದಳು. ಅಣ್ಣ ಮೊಟ್ಟೆ ಬೇಯಿಸಲು ಹೋಗಿ ನೀರು ಹಾಕುವುದನ್ನೇ ಮರೆತು ಪಾತ್ರೆ ಸುಟ್ಟ. "ಲಿಫ್ಟಿಗೆ ನೀರು ಬೇಡ, ಮೊಟ್ಟೆಗೆ ಬೇಕು ರೀ!" ಎಂದು ಅತ್ತಿಗೆ ಕೂಗಿದರೆ ಮೀನು ಮೇಜಿನ ಕೆಳಗೆ ಬಿದ್ದು ಬಿದ್ದು ನಕ್ಕಳು. ಇಬ್ಬರು ಹಳೆಯ ಗಿರಾಕಿಗಳು ಮೇಷ್ಟ್ರ ಪರ ವಹಿಸಿ ಅಂಗಡಿಗೆ ಬರುವುದು ಬಿಟ್ಟರು. ಮತ್ತೊಬ್ಬಳು ಮಾತ್ರ ಕೂದಲು ಕತ್ತರಿಸಿಕೊಳ್ಳಲೆಂದು ಬಂದು, ಕತ್ತರಿಸಿಕೊಳ್ಳದೆ, "ಆ ಕಚೇರಿ ಎಲ್ಲಿದೆ? ನಮ್ಮ ಮನೆ ಎದುರಿಗೊಂದು ಮಗು ಇದೆ," ಎಂದು ಕೇಳಿಕೊಂಡು ಹೋದಳು.

ರೇಸಿನ ಮಾತು ಯಾರೂ ಎತ್ತಲಿಲ್ಲ. ಕೊನೆಗೆ ಮೀನುವೇ ಎತ್ತಿದಳು.

"ಅಪ್ಪ, ನಾನು ರೇಸಿಗೆ ಹೋಗ್ಲೇಬೇಕಾ?"

"ಬೇಡ ಅಂದ್ರೆ ಬೇಡ, ಮೀನು. ಯಾರೂ ಬೈಯಲ್ಲ."

ಹುಡುಗಿ ಚಮಚ ಹಿಡಿದುಕೊಂಡೇ ಯೋಚಿಸಿದಳು. ಊಟ ಮುಗಿಯುವವರೆಗೂ ಯೋಚಿಸಿದಳು. ತಟ್ಟೆ ತೊಳೆಯಲು ಎದ್ದವಳು ಅಲ್ಲಿಂದಲೇ, "ಹೋಗ್ತೀನಿ. ನಂಗೆ ನೀರು ಇಷ್ಟ," ಎಂದಳು. "ಆದ್ರೆ ಟೈಮು ನೋಡೋದು ಕೋಚಮ್ಮ ಮಾತ್ರ. ಮನೇಲಿ ಯಾರೂ ಟೈಮು ಕೇಳ್ಬಾರ್ದು."

"ಗಡಿಯಾರಾನೇ ಎತ್ತಿಟ್ಬಿಡ್ತೀನಿ," ಎಂದ ಅಣ್ಣ.

ಫೈನಲ್ ದಿನ ಪೂಲಿನ ಸುತ್ತ ಜನ, ಸೀಟಿ, ಮೈಕು, ಕ್ಲೋರಿನ್ ವಾಸನೆ. ಮೇಲಿನ ಸಾಲಿನಲ್ಲಿ ತಮ್ಮನ ಪಕ್ಕ ಮೇಷ್ಟ್ರು ಕೂತಿದ್ದರು. ಅಧಿಕಾರಿಯನ್ನೂ ಮೀನುವನ್ನೂ ಕೇಳಿಯೇ ಅವರನ್ನು ಕರೆದಿದ್ದರು. "ಬರ್ಲಿ, ದೂರ ಕೂರ್ಲಿ," ಎಂದಿದ್ದಳು ಮೀನು.

ಎಂಟು ಹುಡುಗಿಯರು ಹಲಗೆಯ ಮೇಲೆ ಬಾಗಿದರು. ಪೀಪಿ ಕೂಗಿತು. ನೀರು ಸಿಡಿಯಿತು.

"ಮೀನೂ! ಕಾಲು! ಕಾಲು!" ಅತ್ತಿಗೆ ಬೆಂಚಿನ ಮೇಲೆ ಹತ್ತಿ ನಿಂತಳು. ಅಣ್ಣ ಅವಳನ್ನು ಬೀಳದಂತೆ ಹಿಡಿದುಕೊಂಡು ತಾನೂ ಕುಣಿಯುತ್ತಿದ್ದ. ಮೀನು ಮೊದಲು ಮೂರನೆಯವಳಾಗಿದ್ದಳು. ಒಮ್ಮೆಲೇ ಅಡ್ಡಾದಿಡ್ಡಿಯಾಗಿ ಸರಿದು ಸಾಲುಗಳ ನಡುವಿನ ಹಗ್ಗಕ್ಕೆ ಹೆಗಲು ಗುದ್ದಿದಳು. "ಅಯ್ಯೋ!" ಎಂದರು ಎಲ್ಲರೂ. ಅತ್ತೆ ತನಗರಿವಿಲ್ಲದೆ ಹಿಂದೆ ತಿರುಗಿ ಮೇಲಿನ ಸಾಲಿನತ್ತ ನೋಡಿದಳು. ಮೇಷ್ಟ್ರು ಎದ್ದು ನಿಂತಿದ್ದರು. ಕೈ ಕೊರಳಿಗೆ ಹೋಯಿತು. ಅಲ್ಲಿ ಸೀಟಿ ಇರಲಿಲ್ಲ. ಮೆಲ್ಲಗೆ ಕೂತರು.

ಮೀನು ನಿಲ್ಲಲಿಲ್ಲ. ಹಗ್ಗ ಬಿಟ್ಟು, ದಿಕ್ಕು ಹಿಡಿದು, ಕಾಲು ಬಡಿದು, ಬಡಿದು ಗೋಡೆ ಮುಟ್ಟಿದಳು. ನಾಲ್ಕನೆಯವಳು.

ಪದಕ ಇಲ್ಲ. ಈಗ ಮೀನುವಿನ ಮುಖ ಹೇಗಿರುತ್ತದೋ ಎಂದು ಅತ್ತೆ ಕತ್ತು ಚಾಚಿದಳು. ಮೀನು ನೀರಿಂದ ಎದ್ದವಳೇ ಟವೆಲ್ಲನ್ನೂ ಮರೆತು ಓಡಿಬಂದಳು.

"ಅಪ್ಪಾ! ಕನ್ನಡಕದಲ್ಲಿ ನೀರು ತುಂಬ್ಕೊಂಡ್ಬಿಡ್ತು! ಏನೂ ಕಾಣ್ಲಿಲ್ಲ! ಹಗ್ಗಕ್ಕೆ ಗುದ್ದಿದೆ! ಆದ್ರೂ ನಾಲ್ಕು! ಕುರುಡಾಗಿ ಈಜಿ ನಾಲ್ಕು!"

ಅಣ್ಣ ಅವಳನ್ನು ಒದ್ದೆ ಮೈಯಲ್ಲೇ ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಕೂಗಿ ಕೂಗಿ ಗಂಟಲು ಕಟ್ಟಿದ್ದ ಅತ್ತಿಗೆ ಬರೀ ಬಾಯಿ ಆಡಿಸಿದಳು, ದನಿ ಹೊರಡಲಿಲ್ಲ.

ಮನೆಯಲ್ಲಿ ಊಟಕ್ಕೆ ತಮ್ಮನ ಜೊತೆ ಮೇಷ್ಟ್ರೂ ಬಂದರು. ಹುರಿದ ಆಲೂಗಡ್ಡೆ, ಬೇಕರಿಯವನು ಕಳಿಸಿದ ಕೇಕು, ಗಾಜಿನ ಜಗ್ಗಿನ ತುಂಬ ನಿಂಬೆ ಪಾನಕ. ಮೇಷ್ಟ್ರು ಮೇಜಿನ ತುದಿಯಲ್ಲಿ ಕೂತಿದ್ದರು. ಮೀನು ಕುರ್ಚಿಯ ಮೇಲೆ ನಿಂತು ತಾನು ಹಗ್ಗ ಗುದ್ದಿದ್ದು ಹೇಗೆಂದು ಮೂರನೆಯ ಸಲ ತೋರಿಸುತ್ತಿದ್ದಳು.

"ಹೀಗೆ ಬಂದೆ, ಹೀಗೆ ಕೈ ಬೀಸಿದೆ..."

ಬೀಸಿದ ಕೈ ಜಗ್ಗಿಗೆ ತಾಗಿತು. ಜಗ್ಗು ನೆಲಕ್ಕೆ ಬಿದ್ದು ಚೂರಾಯಿತು. ಪಾನಕ ಮೇಷ್ಟ್ರ ಕಾಲ ಬುಡದವರೆಗೆ ಹರಿಯಿತು.

ಅಣ್ಣ ಅರ್ಧ ಎದ್ದಿದ್ದ. ಮೀನುವಿನ ಹೆಗಲು ಕಿವಿಯವರೆಗೆ ಏರಿತು. ತಾತನ ಕೈಯನ್ನು ನೋಡಿದಳು. ಕೈ ಮೇಜಿನ ಮೇಲೇ ಇತ್ತು. ಆಮೇಲೆ ಅವರ ಮುಖ ನೋಡಿದಳು. ಹೆಗಲು ಮೆಲ್ಲಗೆ ಇಳಿಯಿತು.

"ನಾನೇ ಬೀಳ್ಸಿದ್ದು!" ಎಂದಳು ಗಟ್ಟಿಯಾಗಿ. "ಕೈ ತಾಗ್ತು. ಅಪ್ಪ, ನೀವು ಗುಡಿಸಿ, ನಾನು ಮೊರ ಹಿಡೀತೀನಿ."

ಕುರ್ಚಿಯಿಂದ ಇಳಿಯಹೊರಟವಳನ್ನು ಮೇಷ್ಟ್ರ ದನಿ ತಡೆಯಿತು. ಒರಟಾಗಿತ್ತು, ಎತ್ತರವಿರಲಿಲ್ಲ.

"ಚಪ್ಪಲಿ ಹಾಕ್ಕೊಂಡು ಇಳಿ. ಗಾಜು ಚುಚ್ಚುತ್ತೆ."

ಅತ್ತೆ ಚಪ್ಪಲಿ ತಂದುಕೊಟ್ಟಳು. ಅಣ್ಣ ಪೊರಕೆ ಹಿಡಿದು ಬಂದ, ಮೀನು ಮೊರ ಹಿಡಿದು ಮೇಜಿನ ಕೆಳಗೆ ಬಗ್ಗಿದಳು. ಮೇಷ್ಟ್ರು ಎರಡೂ ಕಾಲನ್ನು ನೆಲದಿಂದ ಎತ್ತಿದರು.

"ಇನ್ನೂ ಮೇಲೆ ಎತ್ತಿ, ತಾತ," ಎಂದಿತು ಕೆಳಗಿನಿಂದ ಮೀನುವಿನ ದನಿ. "ಅಡೀಲಿ ಇನ್ನೊಂದು ಚೂರಿದೆ."

ಮೇಷ್ಟ್ರು ಕುರ್ಚಿಯ ಅಂಚನ್ನು ಹಿಡಿದುಕೊಂಡು ಇನ್ನೂ ಮೇಲೆ ಎತ್ತಿದರು.